16 ವರ್ಷ ನಿಂತಿದ್ದ ಎಂಜಿಬಿ ಮತ್ತೆ ರಸ್ತೆಗೆ: ಒಂದು ಪ್ರಕರಣ ಅಧ್ಯಯನ

ಇಲ್ಲಿ ವಿವರಿಸುತ್ತಿರುವುದು 1971ರಲ್ಲಿ ತಯಾರಾದ ಒಂದು ಎಂಜಿಬಿ ರೋಡ್‌ಸ್ಟರ್ ಕಾರಿನ ಪ್ರಕರಣ. ಎರಡು ಆಸನಗಳ, ಮಡಚುವ ಛಾವಣಿಯ ಈ ಸ್ಪೋರ್ಟ್ಸ್ ಕಾರು 16 ವರ್ಷ ಒಂದೇ ಶೆಡ್ಡಿನಲ್ಲಿ, ನಾಲ್ಕೂ ಟೈರು ನೆಲಕ್ಕೆ ಅಂಟಿಕೊಂಡು ನಿಂತಿತ್ತು. ವಾರಾಂತ್ಯಗಳಲ್ಲಿ ಮಾತ್ರ ಕೆಲಸ ನಡೆದದ್ದರಿಂದ ಅದನ್ನು ಪುನಃ ಓಡುವ ಸ್ಥಿತಿಗೆ ತರಲು 14 ತಿಂಗಳು ಹಿಡಿಯಿತು. ಮಾಲೀಕರು ಮತ್ತು ನಾನು ಬಹುಪಾಲು ಕೆಲಸವನ್ನು ನಾವೇ ಮಾಡಿದೆವು. ವೆಲ್ಡಿಂಗ್ ಮಾತ್ರ ಅದರಲ್ಲಿ ಪಳಗಿದ ಕೈಗೆ ಬಿಟ್ಟೆವು.

ಎಂಜಿಬಿ ಅಪರೂಪದ ಕಾರೇನಲ್ಲ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. 1798 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಪೆಟ್ರೋಲನ್ನು ಗಾಳಿಗೆ ಬೆರೆಸುವ ಎರಡು ಎಸ್‌ಯು ಕಾರ್ಬೊರೇಟರ್, ಹಿಂದೆ ಪಟ್ಟಿ ಸ್ಪ್ರಿಂಗ್, ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ಮು: ಇದರಲ್ಲಿ ಸಾಮಾನ್ಯ ಸ್ಪ್ಯಾನರಿಗೆ ಬಗ್ಗದ್ದು ಕಡಿಮೆ. ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ಆದ್ದರಿಂದ ಸಾಮಾನು ಸಿಗುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಏಳಲೇ ಇಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದೇ ನಮ್ಮ ಮುಂದಿದ್ದ ಪ್ರಶ್ನೆ, ಮತ್ತು ಅದರ ಬಗ್ಗೆ ನಮ್ಮಿಬ್ಬರಲ್ಲಿ ಮೊದಲ ದಿನವೇ ಭಿನ್ನಾಭಿಪ್ರಾಯ ಬಂತು. ಬ್ಯಾಟರಿ ಕಟ್ಟಿ, ಪೆಟ್ರೋಲು ಹಾಕಿ, ಎಂಜಿನ್ ಮಾತಾಡುತ್ತದೆಯೇ ನೋಡೋಣ ಎಂಬುದು ಮಾಲೀಕರ ಆಸೆ. ಎಂಜಿನ್ನನ್ನು ಕೊನೆಗೆ ಇಟ್ಟುಕೊಳ್ಳೋಣ ಎಂಬುದು ನನ್ನ ಪಟ್ಟು. ಅವರಿಗೆ ಆ ಆಸೆ ಒಮ್ಮೆ ಮೊದಲೇ ಬಂದಿತ್ತು, ಅದರಂತೆ ಅವರು ನಡೆದೂ ಇದ್ದರು ಎಂಬ ಸಂಗತಿ ನನಗೆ ತಿಳಿದದ್ದು ಐದು ತಿಂಗಳ ನಂತರ.

ಮೊದಲು ನೋಡಿದ್ದು ತುಕ್ಕನ್ನು. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ದೇಹವೇ ಭಾರ ಹೊರಬೇಕು. ಛಾವಣಿ ಇಲ್ಲದ ರೋಡ್‌ಸ್ಟರಿನಲ್ಲಂತೂ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವಿನ ಬಂಧ ಬಹುಮಟ್ಟಿಗೆ ಬಾಗಿಲುಗಳ ಕೆಳಗೆ ಹೊಸ್ತಿಲಿನಂತೆ ಉದ್ದಕ್ಕೂ ಹೋಗುವ ಸಿಲ್‌ಗಳ ಮೇಲೆ ನಿಂತಿದೆ. ಈ ಸಿಲ್ ಒಂದೇ ತಗಡಲ್ಲ. ಹೊರಗೆ ಕಾಣುವ ಬಣ್ಣದ ಹಾಳೆಯ ಹಿಂದೆ ಲಂಬವಾಗಿ ನಿಂತ ಒಂದು ನಡು ಹಾಳೆ, ಅದರ ಬುಡದಲ್ಲಿ ಪೆಟ್ಟಿಗೆಯಾಕಾರದ ಇನ್ನೊಂದು ತಗಡು ಇವೆ, ಮತ್ತು ಹೊರಹಾಳೆಯನ್ನು ಎಷ್ಟು ಬಾರಿ ಬೇಕಾದರೂ ಚೆಂದ ಮಾಡಬಹುದಾದ್ದರಿಂದ ನಿಜವಾದ ಸ್ಥಿತಿ ಒಳಗಿನ ಎರಡರಲ್ಲಿ ಅಡಗಿರುತ್ತದೆ. ನಮ್ಮ ಕಾರಿನ ಹೊರ ಸಿಲ್ಲು ಹೊಳೆಯುತ್ತಿತ್ತು. ಆಯಸ್ಕಾಂತ ಹಿಡಿದರೆ ಎಡಬದಿಯಲ್ಲಿ ಒಂದು ಮೊಳದಷ್ಟು ಉದ್ದಕ್ಕೆ ಅದು ಅಂಟಲೇ ಇಲ್ಲ, ಅಲ್ಲಿದ್ದದ್ದು ಪುಟ್ಟಿ. ಮೇಲೆ ಥಳಕು, ಒಳಗೆ ಹುಳುಕು.

ಆದರೆ ಆಯಸ್ಕಾಂತಕ್ಕಿಂತ ನಂಬಿಕೆಗೆ ಅರ್ಹವಾದ ಪರೀಕ್ಷೆ ಬಾಗಿಲ ಸಂದಿನದು. ಕಾರು ಚಕ್ರಗಳ ಮೇಲೆ ನಿಂತಿದ್ದಾಗ ಎಡಬಾಗಿಲ ಹಿಂಬದಿಯ ಮೇಲ್ತುದಿಯಲ್ಲಿ ಸಂದು 4 ಮಿಲಿಮೀಟರ್ ಇತ್ತು. ಸಿಲ್ಲಿನ ಮಧ್ಯಭಾಗದಲ್ಲಿ ಮರದ ಹಲಗೆ ಕೊಟ್ಟು ಜ್ಯಾಕ್ ಏರಿಸಿದಾಗ ಅದೇ ಸಂದು 7 ಮಿಲಿಮೀಟರ್ ಆಯಿತು, ಬಾಗಿಲು ಕೆಳತುದಿಯಲ್ಲಿ ಉಜ್ಜತೊಡಗಿತು. ಅಂದರೆ ನಡುವೆ ಎತ್ತಿದರೆ ಎರಡೂ ತುದಿ ಜೋಲುವಷ್ಟು ಕಾರು ಸೊಂಟ ಕಳೆದುಕೊಂಡಿತ್ತು. ಬಲಬದಿಯಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ಇಂಥ ಸ್ಥಿತಿಯಲ್ಲಿ ಎಂಜಿನ್ ಚೆನ್ನಾಗಿದ್ದರೂ ಕಾರು ಓಡಿಸುವಂತಿರಲಿಲ್ಲ ಎಂಬುದನ್ನು ಈ 3 ಮಿಲಿಮೀಟರು ನನ್ನ ವಾದಕ್ಕಿಂತ ಚೆನ್ನಾಗಿ ಮಾಲೀಕರಿಗೆ ಮನದಟ್ಟು ಮಾಡಿತು.

ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿನ ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ನಡುವೆ ಉಕ್ಕಿನ ಪೈಪನ್ನು ಅಡ್ಡ ಬೆಸೆದು, ಕಾರಿನ ಭಾರವನ್ನು ಸಸ್ಪೆನ್ಷನ್ ಕೂರುವ ಜಾಗಗಳಲ್ಲಿ ಆಧರಿಸಿ, ಬಾಗಿಲು ಕೂರಿಸಿ ಸಂದನ್ನು ಮತ್ತೆ ಅಳೆದು ನೋಡಿದೆವು. ಹೀಗೆ ಮಾಡದೆ ಕತ್ತರಿಸಿದರೆ ಬಾಗಿದ ಆಕಾರದಲ್ಲೇ ಹೊಸ ತಗಡು ಬೆಸೆದುಕೊಂಡು, ಆ ಬಾಗು ಕಾರಿಗೆ ಶಾಶ್ವತವಾಗುತ್ತದೆ. ಹೊರಹಾಳೆ ತೆಗೆದಾಗ ನಡು ಹಾಳೆಯ ಕೆಳಗಿನ ಮೂರನೇ ಒಂದು ಭಾಗ ಕೈಯಲ್ಲೇ ಪುಡಿಯಾಯಿತು. ಎಡಬದಿಯ ಮೂರೂ ತಗಡು ಬದಲಾದವು. ಬಲಬದಿಗೆ ತೇಪೆ ಸಾಕಾಯಿತು. ಆ ನಂತರ ಜ್ಯಾಕ್ ಏರಿಸಿದರೆ ಎಡಬಾಗಿಲ ಸಂದು ಅಲುಗಲಿಲ್ಲ.

ಬ್ರೇಕಿನ ಕೆಲಸದಲ್ಲಿ ಚರ್ಚೆಗೆ ಅವಕಾಶವೇ ಇರಲಿಲ್ಲ. ಈ ಕಾರಿಗೆ ಇರುವುದು ಒಂದೇ ಸರ್ಕ್ಯೂಟ್. ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ನಿಗದಿತ ಪ್ರಮಾಣದ ತೇವ ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಓಡುವ ಕಾರಿನಲ್ಲಿ ಮುಖ್ಯವಾಗುವುದು ಈ ಕುದಿಯುವ ಬಿಂದು. ನಿಂತ ಕಾರಿನಲ್ಲಿ ಅದೇ ತೇವ ಒಳಗಿನ ಲೋಹವನ್ನು ತಿನ್ನುತ್ತಾ ಕೂರುತ್ತದೆ. ಡಿಸ್ಕನ್ನು ಎರಡೂ ಕಡೆಯಿಂದ ಅದುಮುವ ಮುಂದಿನ ಕ್ಯಾಲಿಪರುಗಳ ನಾಲ್ಕು ಪಿಸ್ಟನ್ನುಗಳಲ್ಲಿ ಮೂರು ಅಲುಗಲಿಲ್ಲ. ಗ್ರೀಸ್ ಗನ್ನಿನ ಒತ್ತಡದಿಂದ ಹೊರದೂಡಿದಾಗ ಅವುಗಳ ಕ್ರೋಮ್ ಮೇಲೆ ಗುಳಿಗಳು ಕಂಡವು. ಹಿಂದಿನ ಚಕ್ರದ ಸಿಲಿಂಡರುಗಳು ಯಾವಾಗಲೋ ಸೋರಿ, ಬ್ರೇಕ್ ಶೂಗಳ ಲೈನಿಂಗನ್ನು ನೆನೆಸಿ, ಒಣಗಿದ್ದವು. ಪಿಸ್ಟನ್, ಸೀಲು, ಸಿಲಿಂಡರ್, ಶೂ, ಪ್ಯಾಡ್, ಮಾಸ್ಟರ್ ಸಿಲಿಂಡರ್ ಎಲ್ಲವೂ ಹೊಸದಾದವು. ಉಕ್ಕಿನ ಕೊಳವೆಗಳ ಬದಲು ತಾಮ್ರ-ನಿಕಲ್ ಮಿಶ್ರಲೋಹದ ಕೊಳವೆ ಎಳೆದೆವು. ಬದಲಾಗದೆ ಉಳಿದದ್ದು ಮುಂದಿನ ಎಡಚಕ್ರದ ರಬ್ಬರ್ ಹೋಸ್ ಒಂದೇ. ಕಾರು ನಿಲ್ಲಿಸುವ ಕೆಲವೇ ವಾರಗಳ ಮೊದಲು ಅದನ್ನು ಹೊಸದಾಗಿ ಹಾಕಿಸಿದ್ದೆ ಎಂದು ಮಾಲೀಕರು ಹೇಳಿದರು. ಹೊರಗಿನಿಂದ ಬಿರುಕಿಲ್ಲದೆ ಕಪ್ಪಗೆ ಚೆನ್ನಾಗಿಯೇ ಕಂಡಿತು, ನಾನೂ ತಲೆಯಾಡಿಸಿದೆ. ಆ ತಪ್ಪಿನ ಫಲವನ್ನು ಮುಂದೆ ಹೇಳುತ್ತೇನೆ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದದ್ದು ಹಳೆಯ ವಾರ್ನಿಷ್ ಡಬ್ಬಿಯ ವಾಸನೆ. ಎಂಜಿಬಿಯ ಟ್ಯಾಂಕು ಡಿಕ್ಕಿಯ ನೆಲಕ್ಕೆ ಕೆಳಗಿನಿಂದ ಒತ್ತಿಕೊಂಡು ಕೂರುವುದರಿಂದ ಎರಡು ತಗಡಿನ ನಡುವೆ ಮಣ್ಣು ಮತ್ತು ತೇವ ಸೇರಿ ಟ್ಯಾಂಕಿನ ನೆತ್ತಿ ಹೊರಗಿನಿಂದ ಕೊಳೆಯುತ್ತದೆ. ಕೆಳಗೆ ಮಲಗಿ ನೋಡಿದರೆ ಎಂದೂ ಕಾಣದು. ನಮ್ಮದರ ನೆತ್ತಿ ಸ್ಕ್ರೂಡ್ರೈವರ್ ತಾಗಿಸಿದರೆ ತೂತಾಗುವಂತಿತ್ತು. ಒಳಗೆ ಸೀಲರ್ ಬಳಿದು ಉಳಿಸಿಕೊಳ್ಳುವ ಪದ್ಧತಿ ಇದೆಯಾದರೂ, ಇಂಥ ತಗಡಿನ ಮೇಲೆ ಅದು ತೂತು ಕೊಡಕ್ಕೆ ಸುಣ್ಣ ಹಚ್ಚಿದಂತೆ ಎಂಬುದು ನನ್ನ ಅಭಿಪ್ರಾಯ. ಹೊಸ ಟ್ಯಾಂಕ್ ಹಾಕಿ, ಇಂದಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುವುದರಿಂದ, ಅದನ್ನು ತಡೆಯುವ ಹೋಸ್‌ಗಳನ್ನೇ ಆರಿಸಿದೆವು. ಎಲೆಕ್ಟ್ರಿಕ್ ಪೆಟ್ರೋಲ್ ಪಂಪಿನ ಪಾಯಿಂಟುಗಳನ್ನು ಉಜ್ಜಿದ ಮೇಲೆ ಅದು ತನ್ನ ಹಳೆಯ ಟಿಕ್ ಟಿಕ್ ಸದ್ದಿಗೆ ಮರಳಿತು.

ಎಂಜಿನ್ನಿನ ಸರದಿ ಬಂದದ್ದು ಐದನೇ ತಿಂಗಳಿನಲ್ಲಿ. ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ತೆಳು ಎಣ್ಣೆ ಬಿಟ್ಟು, ಒಂದು ವಾರ ನೆನೆಯಲು ಬಿಟ್ಟೆವು. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ತಿರುಗಿಸುವ ಮುನ್ನ ಮೇಲಿನ ರಾಕರ್ ಕವರ್ ತೆಗೆದು ನೋಡಿದ್ದು ಒಳ್ಳೆಯದಾಯಿತು. ಮುಂದಿನಿಂದ ಎಣಿಸಿದರೆ ಆರನೆಯ ರಾಕರ್, ಅಂದರೆ ವಾಲ್ವನ್ನು ಒತ್ತಿ ತೆರೆಯುವ ಸನ್ನೆ, ಸಡಿಲವಾಗಿ ಅಲ್ಲಾಡುತ್ತಿತ್ತು. ಅದನ್ನು ಕೆಳಗಿನಿಂದ ತಳ್ಳುವ ಕಡ್ಡಿಯಾದ ಪುಶ್‌ರಾಡ್ ತನ್ನ ಬಟ್ಟಲಿನಿಂದ ಜಾರಿ ವಾರೆಯಾಗಿ ಒರಗಿತ್ತು. ವಾಲ್ವ್ ಸ್ಪ್ರಿಂಗ್ ಪಕ್ಕದವುಗಳಿಗಿಂತ ಕುಗ್ಗಿ ಕೂತಿತ್ತು. ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ಪುಶ್‌ರಾಡನ್ನು ತೆಗೆದಿಟ್ಟು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡವನ್ನು, ಪಿಎಸ್‌ಐ ಎಂಬ ಮಾನದಲ್ಲಿ ಅಳೆದೆವು. ಮೊದಲ ಎರಡು ಸಿಲಿಂಡರ್ 150 ಪಿಎಸ್‌ಐ ಆಸುಪಾಸಿನಲ್ಲಿದ್ದವು, ಮೂರನೆಯದು ಸೊನ್ನೆ, ನಾಲ್ಕನೆಯದು 90.

ಸುಮ್ಮನೆ ನಿಂತ ಎಂಜಿನ್ನಿನಲ್ಲಿ ಪುಶ್‌ರಾಡ್ ಹೀಗೆ ಜಾರುವುದಿಲ್ಲ, ಯಾರೋ ತಿರುಗಿಸಿರಬೇಕು. ಇದನ್ನು ಹೇಳಿದಾಗ ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಡೆದದ್ದನ್ನು ಒಪ್ಪಿಕೊಂಡರು. ಕಾರು ನಿಂತು 9 ವರ್ಷವಾಗಿದ್ದಾಗ, ಮಾರಿಬಿಡುವ ಯೋಚನೆಯಿಂದ, ಬೇರೊಂದು ಕಾರಿನ ಬ್ಯಾಟರಿಯಿಂದ ವೈರು ಎಳೆದು ಸೆಲ್ಫ್ ಹೊಡೆದಿದ್ದರು. ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲಿನಲ್ಲೇ ಎಂಜಿನ್ ಹತ್ತಿಕೊಂಡಿತ್ತು, ಆದರೆ ಎರಡೇ ಸಿಲಿಂಡರಿನಲ್ಲಿ ಓಡಿದಂತೆ ತತ್ತರಿಸುತ್ತಾ ಹತ್ತು ನಿಮಿಷ ನಡೆದು ನಿಂತಿತ್ತು. ಎರಡು ದಿನ ಬಿಟ್ಟು ಮತ್ತೆ ಸೆಲ್ಫ್ ಹೊಡೆದಾಗ ಟಕ್ ಎಂಬ ಸದ್ದು ಬಂತು, ಎಂಜಿನ್ ಹತ್ತಲಿಲ್ಲ. ಬಾನೆಟ್ ಮುಚ್ಚಿ ಮನೆಗೆ ಹೋದವರು ಮತ್ತೆ ಅದನ್ನು ತೆರೆದದ್ದು 7 ವರ್ಷದ ಮೇಲೆ, ನನ್ನೊಂದಿಗೆ.

ಕಾರ್ಬೊರೇಟರುಗಳನ್ನು ಬಿಚ್ಚಿದಾಗ ಉಳಿದ ಕಥೆಯೂ ಕೂಡಿಕೊಂಡಿತು. ಮುಂದಿನ ಕಾರ್ಬೊರೇಟರಿನಲ್ಲಿ ಪೆಟ್ರೋಲು ನಿಲ್ಲುವ ಫ್ಲೋಟ್ ಬಟ್ಟಲಿನಲ್ಲಿ ಒಣ ಪುಡಿ ಮಾತ್ರ ಇತ್ತು. ಅದರ ಸೂಜಿ ಮುಚ್ಚಿದ ಸ್ಥಿತಿಯಲ್ಲೇ ಅಂಟಿಕೊಂಡಿದ್ದರಿಂದ ಆ ದಿನ ಒಳಗೆ ಪೆಟ್ರೋಲು ಬಂದೇ ಇರಲಿಲ್ಲ. ಹಿಂದಿನದರ ಬಟ್ಟಲಿನಲ್ಲಿ ಕಂದು ಬಣ್ಣದ ಲೋಳೆ ಹೆಪ್ಪುಗಟ್ಟಿತ್ತು. ಈ ಎಂಜಿನ್ನಿನಲ್ಲಿ ಒಂದು ಮತ್ತು ಎರಡನೆಯ ಸಿಲಿಂಡರಿಗೆ ಸೇರಿ ಒಂದೇ ಒಳದಾರಿ, ಮೂರು ಮತ್ತು ನಾಲ್ಕನೆಯದಕ್ಕೆ ಸೇರಿ ಇನ್ನೊಂದು. ಹಿಂದಿನ ಕಾರ್ಬೊರೇಟರು ಮುಖ್ಯವಾಗಿ ಉಣಿಸುವುದು ಈ ಎರಡನೆಯ ಜೋಡಿಗೆ. ಎಂಟು ವಾಲ್ವುಗಳ ಸಾಲಿನಲ್ಲಿ ಆರು ಮತ್ತು ಏಳನೆಯವು ಆ ಜೋಡಿಗೆ ಪೆಟ್ರೋಲು-ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವುಗಳು. ಬಿಸಿಯಾಗಿದ್ದಾಗ ಕರಗಿ ಹರಿದ ಅಂಟು ಇವೆರಡರ ಕಾಂಡಕ್ಕೆ ಮೆತ್ತಿಕೊಂಡು, ಎಂಜಿನ್ ತಣಿದಾಗ ಕಾಂಡ ಆಡುವ ಕೊಳವೆಯಾದ ಗೈಡಿನೊಳಗೆ ಗಟ್ಟಿಯಾಗಿತ್ತು. ಎರಡೇ ಸಿಲಿಂಡರಿನಲ್ಲಿ ಓಡಿದಂತಿತ್ತು ಎಂಬ ಮಾಲೀಕರ ನೆನಪು ಅಕ್ಷರಶಃ ನಿಜವಾಗಿತ್ತು.

ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕೆಂದಾಗ, ನೆಗಡಿಯಾಯಿತೆಂದು ಮೂಗು ಕೊಯ್ಯುವುದೇ ಎಂದು ಅವರು ಆಕ್ಷೇಪಿಸಿದರು. ಕಾಂಡಕ್ಕೆ ಎಣ್ಣೆ ಬಿಟ್ಟು, ಮೇಲಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಬಿಡಿಸುವ ದಾರಿ ಇತ್ತು ನಿಜ. ಅದನ್ನು ಒಂದು ಸಂಜೆ ಪ್ರಯತ್ನಿಸಿದೆವು ಕೂಡ. ವಾಲ್ವ್ ಬಿಡಿಸಿಕೊಂಡಿತು, ಮರುದಿನ ಮತ್ತೆ ಸಿಕ್ಕಿಕೊಂಡಿತು. ಅಂಟು ಗೈಡಿನಲ್ಲಿ ಉಳಿದಿರುವ ತನಕ ಇದು ನಡೆಯುತ್ತಲೇ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, 7 ವರ್ಷ ತೆರೆದೇ ಇದ್ದ ವಾಲ್ವಿನ ಮೂಲಕ ಹೊರಗಿನ ತೇವದ ಗಾಳಿ ಮೂರನೆಯ ಸಿಲಿಂಡರಿನೊಳಗೆ ಹೋಗಿ ಬಂದಿರುತ್ತದೆ. ಹೆಡ್ ಇಳಿಸಿದಾಗ ಕಂಡದ್ದೂ ಅದೇ: ಉಳಿದ ಮೂರು ಸಿಲಿಂಡರಿನ ಗೋಡೆ ಹೊಳೆಯುತ್ತಿದ್ದರೆ, ಮೂರನೆಯದರಲ್ಲಿ ಪಿಸ್ಟನ್ ನಿಂತಿದ್ದ ಮಟ್ಟಕ್ಕಿಂತ ಮೇಲೆ ಬೆರಳಗಲದ ತುಕ್ಕಿನ ಪಟ್ಟಿ ಸುತ್ತಿಕೊಂಡಿತ್ತು. ಈ ಸ್ಥಿತಿಯಲ್ಲಿ ಎಂಜಿನ್ ಓಡಿಸಿದ್ದರೆ ಆ ಪಟ್ಟಿ ಪಿಸ್ಟನ್ ರಿಂಗುಗಳಿಗೆ ಅರದಂತೆ ಕೆಲಸ ಮಾಡುತ್ತಿತ್ತು.

ತುಕ್ಕನ್ನು ಉಜ್ಜಿ ತೆಗೆದ ಮೇಲೆ ಉಗುರಿಗೆ ಅಷ್ಟಾಗಿ ಸಿಗದ ಕೆಲವು ಸಣ್ಣ ಗುಳಿಗಳು ಉಳಿದವು. ಎಂಜಿನ್ ಇಳಿಸಿ ಬೋರ್ ಮಾಡಿಸುವುದೋ (ಸಿಲಿಂಡರನ್ನು ಕೊರೆದು ತುಸು ಅಗಲಗೊಳಿಸುವುದೋ), ಹೀಗೇ ಬಿಡುವುದೋ ಎಂಬುದರ ಬಗ್ಗೆ ಎರಡು ವಾರ ಯೋಚಿಸಿ, ಬಿಡಲು ನಿರ್ಧರಿಸಿದೆವು. ವರ್ಷಕ್ಕೆ ಕೆಲವು ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಸ್ವಲ್ಪ ಹೆಚ್ಚು ಎಣ್ಣೆ ಸುಡುವುದು ಸಹಿಸಬಹುದಾದ ದೋಷ ಎಂಬುದು ಲೆಕ್ಕಾಚಾರ. ಬೇರೆಯವರು ಬೇರೆ ನಿರ್ಧಾರ ಮಾಡಬಹುದು, ಅದನ್ನು ತಪ್ಪೆನ್ನಲಾರೆ.

ವಾಲ್ವುಗಳನ್ನು ಹೊರತೆಗೆದು ಕಾಂಡಗಳನ್ನು ಅಸಿಟೋನಿನಲ್ಲಿ ತೊಳೆದಾಗ ಬಟ್ಟೆ ಬೆಲ್ಲದ ಬಣ್ಣಕ್ಕೆ ತಿರುಗಿತು. ಗೈಡುಗಳನ್ನು ಶುಚಿಮಾಡಿ, ವಾಲ್ವುಗಳನ್ನು ಅವುಗಳ ಸೀಟಿಗೆ ಪೇಸ್ಟ್ ಹಚ್ಚಿ ತಿಕ್ಕಿ ಕೂರಿಸಿದೆವು. ಎಂಟೂ ಪುಶ್‌ರಾಡುಗಳನ್ನು ಒಂದೊಂದಾಗಿ ಗಾಜಿನ ಹಾಳೆಯ ಮೇಲೆ ಉರುಳಿಸಿ ನೋಡಿದೆವು. ನೇರವಾದದ್ದು ಸದ್ದಿಲ್ಲದೆ ಉರುಳುತ್ತದೆ. ಬಾಗಿದ್ದು ಟಪಟಪ ಎಂದು ಕುಂಟುತ್ತದೆ, ಅದರ ಮಧ್ಯದಲ್ಲಿ ಬೆಳಕಿನ ಗೆರೆ ಮೂಡಿ ಮಾಯವಾಗುತ್ತದೆ. ಆರನೆಯದು ಬಾಗಿದೆಯೆಂದು ಮೊದಲೇ ಗೊತ್ತಿತ್ತು. ಏಳನೆಯದೂ ಕೂದಲೆಳೆಯಷ್ಟು ಬಾಗಿದ್ದನ್ನು ಹಿಡಿದುಕೊಟ್ಟದ್ದು ಈ ಗಾಜು. ಎರಡನ್ನೂ ಬದಲಾಯಿಸಿದೆವು.

ಹೆಡ್ಡಿನ ನಟ್ಟುಗಳನ್ನು ಕ್ರಮವಾಗಿ ಹಂತಹಂತವಾಗಿ 68 ನ್ಯೂಟನ್ ಮೀಟರ್‌ವರೆಗೆ ಬಿಗಿದು, ಟ್ಯಾಪೆಟ್, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಸಂದು, ಸೆಟ್ ಮಾಡಿದೆವು. ಈ ಎಂಜಿನ್ನಿಗೆ ಬಳಕೆಯಲ್ಲಿರುವ ಒಂಬತ್ತರ ಸೂತ್ರ ಬಹಳ ಸುಲಭ: ಎಂಟನೆಯ ವಾಲ್ವ್ ಪೂರ್ತಿ ತೆರೆದಿದ್ದಾಗ ಒಂದನೆಯದರ ಸಂದು ನೋಡಬೇಕು, ಆರನೆಯದು ತೆರೆದಿದ್ದಾಗ ಮೂರನೆಯದರದು, ಎರಡು ಸಂಖ್ಯೆ ಕೂಡಿದರೆ ಯಾವಾಗಲೂ ಒಂಬತ್ತು. ಸಂದು ಅಳೆಯುವ ಫೀಲರ್ ಗೇಜಿನ 0.38 ಮಿಲಿಮೀಟರ್ ಪಟ್ಟಿ ಹಗುರ ಬಿಗಿಯಲ್ಲಿ ಜಾರಬೇಕು.

ಹೆಡ್ ಕೂರಿಸಿದ ಮೇಲಿನ ಮೊದಲ ಸೆಲ್ಫಿಗೇ ಒಂದು ಅನಿರೀಕ್ಷಿತ ಸಂಗತಿ ನಡೆಯಿತು. ಪ್ಲಗ್ಗಿಲ್ಲದೆ ಎಂಜಿನ್ ತಿರುಗಿಸಿ ಎಣ್ಣೆಯ ಒತ್ತಡ ಏರಿಸೋಣ ಎಂದು ಸೆಲ್ಫ್ ಒತ್ತಿದರೆ, ಅದು ಸೋಮಾರಿಯಾಗಿ ಅರ್ಧ ಸುತ್ತು ಹಾಕಿತು, ಡ್ಯಾಶ್‌ಬೋರ್ಡಿನ ಚೋಕ್ ಕೇಬಲ್ಲಿನಿಂದ ತೆಳ್ಳಗೆ ಹೊಗೆ ಎದ್ದಿತು. ಎಂಜಿನ್ ರಬ್ಬರ್ ಬುಡಗಳ ಮೇಲೆ ಕೂತಿರುವುದರಿಂದ ಅದಕ್ಕೂ ದೇಹಕ್ಕೂ ನಡುವೆ ಒಂದು ಅರ್ತ್ ಪಟ್ಟಿ ಇರುತ್ತದೆ. ನಮ್ಮದರಲ್ಲಿ ಆ ಪಟ್ಟಿಯ ತುದಿ ಹಸಿರುಗಟ್ಟಿ ಕಡಿದುಹೋಗಿತ್ತು. ಸೆಲ್ಫಿನ ಅಷ್ಟೂ ಕರೆಂಟು ಬ್ಯಾಟರಿಗೆ ಮರಳಲು ಚೋಕ್ ಕೇಬಲ್ಲನ್ನೇ ದಾರಿ ಮಾಡಿಕೊಂಡಿತ್ತು. ಆಸನಗಳ ಹಿಂದೆ ಅಡಗಿರುವ ಎರಡು 6 ವೋಲ್ಟ್ ಬ್ಯಾಟರಿಗಳ ತಂತಿಗಳನ್ನೆಲ್ಲ ಉಜ್ಜಿ ಹೊಳಪಿಸಿದ್ದ ನಾವು ಈ ಒಂದು ತುದಿಯನ್ನು ನೋಡಿರಲಿಲ್ಲ. ಪಟ್ಟಿ ಬದಲಾದ ಮೇಲೆ, ಹತ್ತು ಹತ್ತು ಸೆಕೆಂಡಿನ ಐದು ಸರದಿಯಲ್ಲಿ ಎಣ್ಣೆ ಒತ್ತಡದ ಮುಳ್ಳು ಮೇಲೆದ್ದಿತು. ಪ್ಲಗ್ ಹಾಕಿ, ಹೊಸ ಪೆಟ್ರೋಲಿನಲ್ಲಿ ಹೊಡೆದಾಗ ಎಂಜಿನ್ ಎರಡನೆಯ ಪ್ರಯತ್ನಕ್ಕೆ ಹತ್ತಿಕೊಂಡಿತು. ಒತ್ತಡ 60 ಪಿಎಸ್‌ಐಗೆ ಬಂದು ನಿಂತಿತು. ಮಾಲೀಕರು ಏನೂ ಮಾತಾಡದೆ ಹೋಗಿ ಶೆಡ್ಡಿನ ಬಾಗಿಲು ಪೂರ್ತಿ ತೆರೆದರು.

ಗೇರ್ ಮಾತ್ರ ಬೀಳಲಿಲ್ಲ. ಕ್ಲಚ್ ಪ್ಲೇಟು ಎಂಜಿನ್ನಿನ ಹಿಂದಿನ ಭಾರಚಕ್ರವಾದ ಫ್ಲೈವ್ಹೀಲಿಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಕಾರನ್ನು ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ಏರಿಸಿ, ಎಂಜಿನ್ ಬಿಸಿ ಮಾಡಿ ನಿಲ್ಲಿಸಿ, ನಾಲ್ಕನೇ ಗೇರಿನಲ್ಲಿಟ್ಟು ಸೆಲ್ಫ್ ಹೊಡೆದು, ಹಿಂಚಕ್ರಗಳು ಗಾಳಿಯಲ್ಲಿ ತಿರುಗುತ್ತಿದ್ದಂತೆ ಕ್ಲಚ್ ಒತ್ತಿ ಹಿಡಿದು ಬ್ರೇಕನ್ನು ಗಕ್ಕನೆ ತುಳಿದೆವು. ಮೂರನೆಯ ಸಲಕ್ಕೆ ಧಡ್ ಎಂದು ಬಿಟ್ಟುಕೊಂಡಿತು. ಕಾರು ಸ್ಟ್ಯಾಂಡಿನ ಮೇಲೆ ಒಮ್ಮೆ ಕುಲುಕುವುದರಿಂದ ಇದನ್ನು ಯಾರಿಗೂ ಹುರಿದುಂಬಿಸಿ ಹೇಳಲಾರೆ; ಗೇರ್‌ಬಾಕ್ಸ್ ಮತ್ತು ಎಂಜಿನ್ ಒಟ್ಟಿಗೆ ಇಳಿಸುವುದು ಸುರಕ್ಷಿತ ದಾರಿ.

ಟೈರುಗಳ ಹಿಡಿತದ ಗೀರುಗಳು ಆಳವಾಗಿದ್ದರೂ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರಿಂದ ಐದನ್ನೂ ಬದಲಾಯಿಸಿದೆವು. ರೇಡಿಯೇಟರ್ ತೊಳೆದು, ಮುಂಚಕ್ರಗಳು ಹೊರಳುವ ಕಿಂಗ್‌ಪಿನ್ನುಗಳಿಗೆ ಗ್ರೀಸ್ ಹಾಕಿ, ಕಾನೂನಿನ ತಪಾಸಣೆ ಮುಗಿಸಿ ಮೊದಲ ಸಲ ರಸ್ತೆಗಿಳಿದ ದಿನ, ಕಾರು 6 ಕಿಲೋಮೀಟರಿಗೆ ಎಡಕ್ಕೆ ಎಳೆಯತೊಡಗಿತು. ನಿಲ್ಲಿಸಿ ನೋಡಿದರೆ ಮುಂದಿನ ಎಡಚಕ್ರದ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದಾಗ ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಯಾಯಿತು. ಅಂದರೆ ಪೆಡಲ್ ಬಿಟ್ಟ ಮೇಲೂ ಒತ್ತಡ ಕ್ಯಾಲಿಪರಿನಲ್ಲೇ ಸಿಕ್ಕಿಬಿದ್ದಿತ್ತು. ಉಳಿಸಿಕೊಂಡಿದ್ದ ಆ ಹೋಸನ್ನು ಬಿಚ್ಚಿ ಉದ್ದಕ್ಕೆ ಸೀಳಿದೆವು. ಒಳಗೋಡೆ ಊದಿಕೊಂಡು, ದಾರಿ ಸೂಜಿ ಹೋಗುವಷ್ಟು ಕಿರಿದಾಗಿತ್ತು. ಕಾಲಿನ ಬಲಕ್ಕೆ ಆಯಿಲ್ ಒಳಗೆ ಹೋಗುತ್ತಿತ್ತು, ತಾನಾಗಿ ಮರಳಲು ಆಗುತ್ತಿರಲಿಲ್ಲ. ಹೊಸದಾಗಿ ಹಾಕಿದ್ದು ಎಂಬ ಮಾಲೀಕರ ಮಾತು ಸುಳ್ಳಲ್ಲ. ಆದರೆ ಆ ಹೊಸತಿಗೆ ಈಗ 16 ವರ್ಷ ದಾಟಿತ್ತು, ಅದನ್ನು ನಾನು ಲೆಕ್ಕ ಹಾಕಬೇಕಿತ್ತು.

ಆ ಬಳಿಕ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ಟ್ಯಾಪೆಟ್ ಸಂದು ಪರೀಕ್ಷಿಸಿದೆವು. 500 ಕಿಲೋಮೀಟರಿಗೆ ಎಂಜಿನ್ ಎಣ್ಣೆ ಬದಲಾಯಿಸಿದೆವು. ನೀರಿನ ಪಂಪು 900 ಕಿಲೋಮೀಟರಿಗೆ ತೊಟ್ಟಿಕ್ಕಿ, ಅದೂ ಹೊಸದಾಯಿತು. ಕ್ಲಚ್ ಆರಂಭದಲ್ಲಿ ನಡುಗುತ್ತಿದ್ದದ್ದು ತಾನಾಗಿ ಕಡಿಮೆಯಾಗಿದೆ. ಈಗ ಕಾರು 2,300 ಕಿಲೋಮೀಟರ್ ಓಡಿದೆ. ಮೂರನೆಯ ಸಿಲಿಂಡರಿನ ಕಂಪ್ರೆಷನ್ 140 ಪಿಎಸ್‌ಐ ಇದೆ, ಅದರ ಪ್ಲಗ್ ಮಾತ್ರ ಉಳಿದ ಮೂರಕ್ಕಿಂತ ತುಸು ಎಣ್ಣೆಗಪ್ಪಾಗಿ ಹೊರಬರುತ್ತದೆ. ಹಿಂದಿನ ಬಲಬದಿಯ ಷಾಕ್ ಅಬ್ಸಾರ್ಬರ್ ಸಣ್ಣಗೆ ಸೋರುತ್ತಿದ್ದು, ಅದನ್ನು ಮುಂದಿನ ತಿಂಗಳು ಬಿಚ್ಚುವುದೆಂದು ನಿಗದಿಯಾಗಿದೆ.